ಪಿಯುಸಿ ಮುಗಿಸಿ ನೇರ ಶಿಕ್ಷಕ ತರಬೇತಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣವಿಡೀ ಒಂದೇ ವಿಷಯಕ್ಕೆ ಮೀಸಲು. ಪಿಯುಸಿ ಆದ ಮೇಲೆ ಸೇರಬಹುದಾದ ನಾಲ್ಕು ವರ್ಷದ ಬಿ.ಎಡ್ ಕೋರ್ಸಿಗೆ ಸೇರುವುದು ಹೇಗೆ, ಸೇರಿದ ಮೇಲೆ ಮುಗಿಸುವುದು ಹೇಗೆ ಎಂದು ಕೇಳಿರುವ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರ: ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ಆಸೆ. ಡಿಗ್ರಿ ಮುಗಿಸಿ ಬಿ.ಎಡ್ ಮಾಡಲೋ, ಪಿಯುಸಿ ಆದ ಕೂಡಲೇ ನಾಲ್ಕು ವರ್ಷದ ಕೋರ್ಸಿಗೆ ಸೇರಲೋ?
— ವಿದ್ಯಾರ್ಥಿನಿ, ಹಾವೇರಿ

ಟೀಚರ್ ಆಗುವುದೆಂದು ಗಟ್ಟಿ ಮನಸ್ಸು ಮಾಡಿದ್ದರೆ ನಾಲ್ಕು ವರ್ಷದ್ದೇ ಮೇಲು. ಮೂರು ವರ್ಷದ ಬಿ.ಎಸ್ಸಿ, ಅದರ ಮೇಲೆ ಎರಡು ವರ್ಷದ ಬಿ.ಎಡ್ ಎಂದರೆ ಐದು ವರ್ಷ. ಇಲ್ಲಿ ಒಂದು ವರ್ಷ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಣಿತವನ್ನು ಕಲಿಯುವುದೂ ಅದನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಯೋಚಿಸುವುದೂ ಜೊತೆಜೊತೆಗೇ ನಡೆಯುತ್ತದೆ. ಡಿಗ್ರಿಯಲ್ಲಿ ಓದಿದ್ದು ಅರ್ಧ ಮರೆತ ಮೇಲೆ ಬೋಧನಾ ವಿಧಾನ ಕಲಿಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಈ ಕೋರ್ಸಿನ ಈಗಿನ ಹೆಸರು ಐಟಿಇಪಿ, ಅಂದರೆ ಸಮಗ್ರ ಶಿಕ್ಷಕ ಶಿಕ್ಷಣ ಕಾರ್ಯಕ್ರಮ. ಶಿಕ್ಷಕ ತರಬೇತಿಗೆ ದೇಶಮಟ್ಟದಲ್ಲಿ ನಿಯಮ ಮಾಡುವ ಎನ್‌ಸಿಟಿಇ 2021ರ ಅಕ್ಟೋಬರಿನಲ್ಲಿ ಇದರ ಅಧಿಸೂಚನೆ ಹೊರಡಿಸಿತು. 2023-24ರಿಂದ ಪ್ರಾಯೋಗಿಕವಾಗಿ ಶುರುವಾಯಿತು. ಎಂಟು ಸೆಮಿಸ್ಟರ್‌ ಮುಗಿದಾಗ ಬಿ.ಎ ಬಿ.ಎಡ್, ಬಿ.ಎಸ್ಸಿ ಬಿ.ಎಡ್ ಅಥವಾ ಬಿ.ಕಾಂ ಬಿ.ಎಡ್ ಪದವಿ ಕೈಗೆ ಬರುತ್ತದೆ. ಕರ್ನಾಟಕಕ್ಕೆ ಈ ಕಲ್ಪನೆ ಹೊಸದಲ್ಲ. ದೇಶಮಟ್ಟದಲ್ಲಿ ಶಾಲಾ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ ಅಡಿಯಲ್ಲಿ 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ನಾಲ್ಕು ವರ್ಷದ ಬಿ.ಎಸ್ಸಿ.ಎಡ್ ನಡೆಸಿಕೊಂಡೇ ಬಂದಿತ್ತು.

ಅರ್ಜಿ ಹಾಕುವಾಗ ಹಂತವನ್ನೂ ಆರಿಸಬೇಕು. ಬುನಾದಿ ಹಂತವೆಂದರೆ 3ರಿಂದ 8 ವರ್ಷದ ಮಕ್ಕಳು, ಅಂದರೆ ಅಂಗನವಾಡಿಯ ವಯಸ್ಸಿನಿಂದ 2ನೇ ತರಗತಿಯವರೆಗೆ. ಸಿದ್ಧತಾ ಹಂತ 3ರಿಂದ 5, ಮಧ್ಯಮ ಹಂತ 6ರಿಂದ 8, ಪ್ರೌಢ ಹಂತ 9ರಿಂದ 12. ನಿಮಗೆ ಹೈಸ್ಕೂಲಿನ ಗಣಿತ ಬೇಕಾದ್ದರಿಂದ ಪ್ರೌಢ ಹಂತದ ಬಿ.ಎಸ್ಸಿ ಬಿ.ಎಡ್ ನೋಡಿ. ‘ಯಾವುದಾದರೇನು, ಸೀಟು ಸಿಕ್ಕರೆ ಸಾಕು’ ಎಂದು ಬುನಾದಿ ಹಂತಕ್ಕೆ ಸೇರಿಬಿಡಬೇಡಿ. ಪಠ್ಯವೂ ಬೇರೆ, ಮುಂದೆ ಅರ್ಜಿ ಹಾಕುವ ಹುದ್ದೆಗಳೂ ಬೇರೆ.

ಪಿಯುಸಿಯಲ್ಲಿ ಸಾಮಾನ್ಯವಾಗಿ ಶೇ 50 ಅಂಕ ಕೇಳುತ್ತಾರೆ, ಮೀಸಲಾತಿಯವರಿಗೆ ರಿಯಾಯಿತಿ ಇದೆ. ಪ್ರವೇಶ ಪರೀಕ್ಷೆಗೆ ವಯೋಮಿತಿ ಇಲ್ಲ. ಅಂಕ ಕಡಿಮೆ ಬಂದರೆ ಪಿಯುಸಿ ಪರೀಕ್ಷೆ-2ರಲ್ಲಿ ಸುಧಾರಿಸಿಕೊಳ್ಳುವ ಅವಕಾಶ ಇದ್ದೇ ಇದೆ. ಆದರೆ ಆ ಫಲಿತಾಂಶ ಸಂಸ್ಥೆಯ ದಾಖಲೆ ಪರಿಶೀಲನೆಯ ದಿನದೊಳಗೆ ಬರಬೇಕು.

ಒಂದು ಮಾತು ನೇರವಾಗಿ ಹೇಳುತ್ತೇವೆ. ಮನಸ್ಸು ಇನ್ನೂ ಓಲಾಡುತ್ತಿದ್ದರೆ, ಬ್ಯಾಂಕು, ಐಟಿ, ಬೇರೆ ಪರೀಕ್ಷೆ ಎಂದು ಯೋಚನೆ ಇದ್ದರೆ, ಮೂರು ವರ್ಷದ ಡಿಗ್ರಿಯೇ ಸರಿ. ನಾಲ್ಕು ವರ್ಷದ ಕೋರ್ಸನ್ನು ಅರ್ಧಕ್ಕೆ ಬಿಟ್ಟವರಿಗೆ ಅತ್ತ ಪದವಿಯೂ ಇಲ್ಲ, ಇತ್ತ ಬಿ.ಎಡ್ಡೂ ಇಲ್ಲ.

ಪ್ರ: ಪ್ರವೇಶ ಪರೀಕ್ಷೆ ಹೇಗಿರುತ್ತದೆ? ಕನ್ನಡದಲ್ಲಿ ಬರೆಯಬಹುದೇ? ನಾನು ಕಲಾ ವಿಭಾಗ, ಕನ್ನಡ ಮಾಧ್ಯಮ.
— ಓದುಗ, ಸಿಂಧನೂರು

ಪರೀಕ್ಷೆಯ ಹೆಸರು ಎನ್‌ಸಿಇಟಿ, ಅಂದರೆ ರಾಷ್ಟ್ರೀಯ ಸಾಮಾನ್ಯ ಪ್ರವೇಶ ಪರೀಕ್ಷೆ. ನಡೆಸುವುದು ಎನ್‌ಟಿಎ, ಅಂದರೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಕಂಪ್ಯೂಟರಿನಲ್ಲಿ. 13 ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಇರುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಅರ್ಜಿ ತುಂಬುವಾಗಲೇ ಪರೀಕ್ಷಾ ಮಾಧ್ಯಮ ಆರಿಸಬೇಕು, ಪರೀಕ್ಷೆಯ ದಿನ ಬದಲಿಸಲಾಗದು.

ಒಟ್ಟು ಏಳು ಭಾಗಗಳಿವೆ: ಎರಡು ಭಾಷೆ, ನೀವೇ ಆರಿಸುವ ಮೂರು ವಿಷಯ, ಸಾಮಾನ್ಯ ಪರೀಕ್ಷೆ, ಬೋಧನಾ ಅಭಿಕ್ಷಮತೆ (ಟೀಚಿಂಗ್ ಆಪ್ಟಿಟ್ಯೂಡ್). ಭಾಷೆಗೆ ಇಪ್ಪತ್ತಿಪ್ಪತ್ತು ಪ್ರಶ್ನೆ, ವಿಷಯಕ್ಕೆ ಇಪ್ಪತ್ತೈದಿಪ್ಪತ್ತೈದು, ಸಾಮಾನ್ಯ ಪರೀಕ್ಷೆಗೆ 25, ಅಭಿಕ್ಷಮತೆಗೆ 20. ಹೀಗೆ 160 ಪ್ರಶ್ನೆಗೆ ಉತ್ತರಿಸಬೇಕು. ಸರಿ ಉತ್ತರಕ್ಕೆ 4 ಅಂಕ, ಒಟ್ಟು 640. ತಪ್ಪಿಗೆ 1 ಅಂಕ ಕಳೆಯುತ್ತಾರೆ. ಸಮಯ ಮೂರು ಗಂಟೆ, ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ ಏಳು ಸೆಕೆಂಡಿನಷ್ಟೇ. ಹೆಚ್ಚಿನವರು ಎಡವುವುದು ಭಾಷಾ ಭಾಗದ ಗದ್ಯಭಾಗಗಳಲ್ಲಿ. ಪ್ಯಾಸೇಜನ್ನು ಎರಡೆರಡು ಸಲ ಓದುತ್ತಾ ಕೂತು, ಕೊನೆಯ ವಿಷಯಕ್ಕೆ ಬರುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಮೊದಲು ಪ್ರಶ್ನೆ ನೋಡಿ, ಆಮೇಲೆ ಗದ್ಯ ಓದಿ.

ಮೂರು ವಿಷಯಗಳ ಆಯ್ಕೆಯೇ ಇಡೀ ಅರ್ಜಿಯ ಜೀವಾಳ. ನೀವು ಕಲಾ ವಿಭಾಗ ಎಂದಿರಿ. ಇತಿಹಾಸ ಮುಖ್ಯ ವಿಷಯವಾಗಬೇಕೆಂದರೆ ಇತಿಹಾಸದ ಪರೀಕ್ಷೆಯನ್ನೇ ಬರೆದಿರಬೇಕು. ಸುಲಭವೆಂದು ಬೇರೇನೋ ಆರಿಸಿಕೊಂಡು ಒಳ್ಳೆಯ ಅಂಕ ತೆಗೆದವರು ಸೀಟು ಕಳೆದುಕೊಳ್ಳುವುದು ಇಲ್ಲೇ. ಮೊದಲು ನಿಮಗೆ ಬೇಕಾದ ಸಂಸ್ಥೆ ಯಾವ ಮುಖ್ಯ ವಿಷಯಕ್ಕೆ ಯಾವ ವಿಷಯಗಳ ಪರೀಕ್ಷೆ ಕೇಳುತ್ತದೆಂದು ನೋಡಿ, ಆಮೇಲೆ ಅರ್ಜಿ ತುಂಬಿ. ಪ್ರಶ್ನೆಗಳು ಎನ್‌ಸಿಇಆರ್‌ಟಿ ಪಠ್ಯದ ಮೇಲೆ ಬರುತ್ತವೆ. ನಮ್ಮ ಪಿಯು ವಿಜ್ಞಾನದವರು ಅದನ್ನೇ ಓದಿರುವುದರಿಂದ ಅವರಿಗೆ ಹೊರೆಯಿಲ್ಲ. ಕಲಾ ವಿಭಾಗದವರು 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಬೇರೆಯಾಗಿ ಓದಬೇಕು. ಇದಕ್ಕೆ ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಿ.

ದಿನಾಂಕದ ವಿಷಯದಲ್ಲಿ ಎಚ್ಚರ. 2023ರಲ್ಲಿ ಪರೀಕ್ಷೆ ಆಗಸ್ಟ್ 9ಕ್ಕೆ, 2024ರಲ್ಲಿ ಮುಂದೂಡಿ ಜುಲೈ 10ಕ್ಕೆ, 2025ರಲ್ಲಿ ಏಪ್ರಿಲ್ 29ಕ್ಕೆ ನಡೆಯಿತು. 2025ರಲ್ಲಿ ಅರ್ಜಿ ಕರೆದದ್ದು ಫೆಬ್ರುವರಿ–ಮಾರ್ಚಿನಲ್ಲಿ, ಪಿಯುಸಿ ಪರೀಕ್ಷೆಯ ಗಡಿಬಿಡಿಯ ನಡುವೆ. ‘ರಿಸಲ್ಟ್ ಬಂದ ಮೇಲೆ ನೋಡೋಣ’ ಎಂದವರಿಗೆ ಆ ವರ್ಷ ಹೋಯಿತು. ಜನವರಿಯಿಂದಲೇ ವಾರಕ್ಕೊಮ್ಮೆ ಎನ್‌ಟಿಎ ಜಾಲತಾಣ ನೋಡುತ್ತಿರಿ.

ಇನ್ನೊಂದು ವಿಷಯ: ಎನ್‌ಟಿಎ ಕೊಡುವುದು ಅಂಕ ಮಾತ್ರ, ಸೀಟಲ್ಲ. ಸಂಸ್ಥೆಯ ಪ್ರವೇಶಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಮೈಸೂರಿನ ಸಂಸ್ಥೆಯಲ್ಲಿ ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಸೇರುವ ಮುಂಚಿನ ಬೇಸಿಗೆಯಲ್ಲಿ ನಿಮ್ಮ ಮೂರೂ ವಿಷಯಗಳ ಪಾರಿಭಾಷಿಕ ಪದಗಳನ್ನು ಕನ್ನಡ–ಇಂಗ್ಲಿಷ್ ಎರಡರಲ್ಲೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಪ್ರ: ನಮ್ಮದು 2ಎ. ನಾಡಕಚೇರಿಯ ಪ್ರಮಾಣಪತ್ರ ಇದೆ. ಮಗನ ಅರ್ಜಿಗೆ ಇದು ಸಾಕೇ?
— ಪೋಷಕರು, ತಿಪಟೂರು

ಸಾಲದು. ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆ ಕರ್ನಾಟಕದ್ದು. ಕೇಂದ್ರದ ಸಂಸ್ಥೆಗಳು ಕೇಳುವುದು ಕೇಂದ್ರದ ನಮೂನೆಯ ‘ಒಬಿಸಿ, ಕೆನೆಪದರಕ್ಕೆ ಸೇರದವರು’ ಎಂಬ ಪ್ರಮಾಣಪತ್ರ. ಅದನ್ನು ಕೊಡುವವರೂ ತಹಶೀಲ್ದಾರರೇ, ಅರ್ಜಿ ಹಾಕುವುದೂ ನಾಡಕಚೇರಿಯಲ್ಲೇ. ಆದರೆ ‘ಕೇಂದ್ರ ಸರ್ಕಾರದ ಉಪಯೋಗಕ್ಕೆ’ ಎಂದು ಬಾಯಿಬಿಟ್ಟು ಕೇಳಬೇಕು. ಇಲ್ಲದಿದ್ದರೆ ಮತ್ತೆ ರಾಜ್ಯದ್ದನ್ನೇ ಕೊಟ್ಟುಬಿಡುತ್ತಾರೆ.

ಅದಕ್ಕೂ ಮೊದಲು ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ನೋಡಿ. ರಾಜ್ಯದ ಪಟ್ಟಿಯಲ್ಲಿದ್ದದ್ದೆಲ್ಲ ಅಲ್ಲಿ ಇರುವುದಿಲ್ಲ, ಕಾಗುಣಿತ ಬೇರೆಯಾಗಿರುವುದೂ ಉಂಟು. ಕೆನೆಪದರದ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ಈ ಲೆಕ್ಕಕ್ಕೆ ಸಂಬಳವನ್ನೂ ಬೇಸಾಯದ ಆದಾಯವನ್ನೂ ಸೇರಿಸುವುದಿಲ್ಲ. ಎಷ್ಟೋ ರೈತ ಕುಟುಂಬಗಳು ಇದು ಗೊತ್ತಿಲ್ಲದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕುತ್ತವೆ. ಪ್ರಮಾಣಪತ್ರ ಹಳೆಯದಾಗಿರಬಾರದು, ಆ ಸಾಲಿನ ಏಪ್ರಿಲ್ 1ರ ನಂತರದ್ದನ್ನು ಕೇಳುವುದೇ ರೂಢಿ. ಒಬಿಸಿಗೆ ಶೇ 27ರಷ್ಟು ಸೀಟು ಇರುವಾಗ ಒಂದು ಕಾಗದದ ದೆಸೆಯಿಂದ ಅದು ಕೈತಪ್ಪಬಾರದು.

ಜೊತೆಗೆ ಹೆಸರನ್ನೂ ಹೊಂದಿಸಿ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಪರಿಶೀಲನೆಯ ದಿನ ತಕರಾರು ಬರುತ್ತದೆ. ಅಂಕಪಟ್ಟಿಗೆ ಹೊಂದುವಂತೆ ಆಧಾರನ್ನೇ ಮೊದಲು ತಿದ್ದಿಸಿಕೊಳ್ಳಿ, ಅದು ಸುಲಭ.

ಪ್ರ: ಬಿ.ಎಡ್ ಇದ್ದರೆ 1ರಿಂದ 5ನೇ ತರಗತಿಗೂ ಶಿಕ್ಷಕಿಯಾಗಬಹುದಲ್ಲವೇ?
— ಓದುಗರು, ಶಿರಸಿ

ಇಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಡಿಗ್ರಿಯ ನಂತರ ಮಾಡುವ ಬಿ.ಎಡ್ ಪ್ರಾಥಮಿಕ 1–5ಕ್ಕೆ ಅರ್ಹತೆಯಲ್ಲ. ಚಿಕ್ಕ ಮಕ್ಕಳಿಗೇ ಕಲಿಸಬೇಕೆಂದಿದ್ದರೆ ಪಿಯುಸಿಯ ನಂತರದ ಎರಡು ವರ್ಷದ ಡಿ.ಎಲ್.ಎಡ್ ಮಾಡಿ. ಹಿರಿಯರು ಟಿಸಿಎಚ್, ಡಿ.ಎಡ್ ಎನ್ನುತ್ತಿದ್ದದ್ದರ ಈಗಿನ ರೂಪ ಅದು.

ಪ್ರ: ಖಾಸಗಿ ಕಾಲೇಜೊಂದು ‘ಇಂಟಿಗ್ರೇಟೆಡ್ ಬಿ.ಎಡ್, ಪರೀಕ್ಷೆ ಇಲ್ಲದೆ ನೇರ ಪ್ರವೇಶ’ ಎನ್ನುತ್ತಿದೆ. ಹಣ ಕಟ್ಟಬಹುದೇ?
— ಓದುಗ, ಬೆಳಗಾವಿ

ಎನ್‌ಸಿಟಿಇಯ ಮಾನ್ಯತಾ ಆದೇಶದ ಪ್ರತಿ ಕಣ್ಣಾರೆ ನೋಡುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಅದರಲ್ಲಿ ನಾಲ್ಕು ಸಂಗತಿ ಓದಿ: ಕೋರ್ಸಿನ ನಿಖರ ಹೆಸರು, ಯಾವ ಶೈಕ್ಷಣಿಕ ವರ್ಷದಿಂದ ಮಾನ್ಯತೆ, ಎಷ್ಟು ಸೀಟು, ಯಾವ ವಿಶ್ವವಿದ್ಯಾಲಯದ ಸಂಯೋಜನೆ. ಒಂದು ಘಟಕಕ್ಕೆ 50 ವಿದ್ಯಾರ್ಥಿಗಳು. ಒಂದೇ ಘಟಕದ ಮಾನ್ಯತೆ ಇಟ್ಟುಕೊಂಡು ನೂರು ಜನರನ್ನು ಸೇರಿಸಿಕೊಳ್ಳುವಲ್ಲಿ ಉಳಿದ ಐವತ್ತು ಜನರ ಗತಿ ಏನೆಂದು ನೀವೇ ಯೋಚಿಸಿ. ಎರಡು ವರ್ಷದ ಬಿ.ಎಡ್‌ಗೆ ಮಾನ್ಯತೆ ಇದೆಯೆಂದ ಮಾತ್ರಕ್ಕೆ ನಾಲ್ಕು ವರ್ಷದ್ದಕ್ಕೆ ಇದೆಯೆಂದಲ್ಲ. 1993ರ ಎನ್‌ಸಿಟಿಇ ಕಾಯ್ದೆಯ 17(4)ನೇ ಕಲಮಿನ ಪ್ರಕಾರ ಮಾನ್ಯತೆ ಇಲ್ಲದ ಸಂಸ್ಥೆಯಲ್ಲಿ ಪಡೆದ ಪದವಿ ಸರ್ಕಾರಿ ಹುದ್ದೆಗಾಗಲಿ ಅನುದಾನಿತ ಶಾಲೆಯ ಕೆಲಸಕ್ಕಾಗಲಿ ನಡೆಯುವುದಿಲ್ಲ. ನೀವು ನಾಲ್ಕು ವರ್ಷ ಪ್ರಾಮಾಣಿಕವಾಗಿ ಓದಿದ್ದೀರಿ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಪ್ರ: ಸದ್ಯದಲ್ಲೇ ಇಂಟರ್ನ್‌ಶಿಪ್. ಅಕ್ಕನ ಮದುವೆ ಅದೇ ಸಮಯಕ್ಕೆ ಇದೆ. ಎಷ್ಟು ದಿನ ರಜೆ ಹಾಕಬಹುದು?
— ಪ್ರಶಿಕ್ಷಣಾರ್ಥಿ, ಮಂಡ್ಯ

ಎನ್‌ಸಿಟಿಇ ನಿಯಮದಲ್ಲಿ ಎರಡು ಬಗೆಯ ಹಾಜರಾತಿ ಇದೆ. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡು ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ.

ಲೆಕ್ಕ ಹಾಕಿ. ನಾಲ್ಕು ವರ್ಷದ ಕೋರ್ಸಿನಲ್ಲಿ ಸೆಮಿಸ್ಟರಿಗೆ 125 ಕೆಲಸದ ದಿನ, ಪ್ರವೇಶ ಮತ್ತು ಪರೀಕ್ಷೆಯ ದಿನ ಬಿಟ್ಟು. ಶೇ 80 ಎಂದರೆ 100 ದಿನ ಬರಬೇಕು, 25 ದಿನ ಸಡಿಲ ಇದೆ. ಇಂಟರ್ನ್‌ಶಿಪ್ 16 ವಾರ, ವಾರಕ್ಕೆ 6 ದಿನ ಎಂದುಕೊಂಡರೆ 96 ದಿನ. ಶೇ 90 ಎಂದರೆ 87 ದಿನ ಹಾಜರಿರಬೇಕು. ಸಡಿಲ ಒಂಬತ್ತೇ ದಿನ. ಆ ಒಂಬತ್ತರಲ್ಲಿ ಜ್ವರ, ಬಸ್ಸು ತಪ್ಪಿದ್ದು, ಊರ ಜಾತ್ರೆ, ಮದುವೆ ಎಲ್ಲವೂ ಬರಬೇಕು. ಅಕ್ಕನ ಮದುವೆಗೆ ಮೂರು ದಿನ ತೆಗೆದುಕೊಳ್ಳಿ, ಉಳಿದದ್ದನ್ನು ಕಾಯಿಲೆಗೆಂದು ಕಾಪಿಟ್ಟುಕೊಳ್ಳಿ. ಮುಂಚಿತವಾಗಿ ಶಾಲೆಯ ಮುಖ್ಯೋಪಾಧ್ಯಾಯರಿಗೂ ಕಾಲೇಜಿನ ಮೇಲ್ವಿಚಾರಕರಿಗೂ ಬರಹದಲ್ಲೇ ತಿಳಿಸಿ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿದ್ದರೆ ಅದು ಅನಧಿಕೃತ ಗೈರುಹಾಜರಿಯಾಗುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಇಂಟರ್ನ್‌ಶಿಪ್ ಆಗಸ್ಟ್–ಸೆಪ್ಟೆಂಬರಿನಲ್ಲಿ ಶುರುವಾದರೆ ನಡುವೆ ದಸರಾ ರಜೆ ಬೀಳುತ್ತದೆ. ಶಾಲೆ ಮುಚ್ಚಿದ ದಿನಗಳು ನಿಮ್ಮ ಹಾಜರಿಯಲ್ಲಿ ಸೇರುವುದಿಲ್ಲ, ಅವಧಿ ಮುಂದಕ್ಕೆ ಹೋಗುತ್ತದೆ. ಅತ್ತ ನಿಮ್ಮ ಸೆಮಿಸ್ಟರ್ ಪರೀಕ್ಷೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಆದ್ದರಿಂದ ಮೊದಲ ದಿನವೇ ಶಾಲೆಯ ವಾರ್ಷಿಕ ಕ್ರಿಯಾಯೋಜನೆ ಕೇಳಿ ಪಡೆದು ನಿಜವಾದ ಕೆಲಸದ ದಿನಗಳನ್ನು ಎಣಿಸಿ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಪೋಷಕರ ಸಭೆಯ ದಿನ ಪಾಠ ಇಲ್ಲವೆಂದು ಮನೆಯಲ್ಲಿ ಉಳಿಯಬೇಡಿ. ಅವೂ ಶಾಲೆಯ ದಿನಗಳೇ, ಶಿಕ್ಷಕರ ಕೆಲಸವನ್ನು ಹತ್ತಿರದಿಂದ ಕಾಣುವುದು ಅಂದೇ.

ಹಾಜರಿ ವಹಿಗೆ ಅಂದಂದೇ ಸಹಿ ಹಾಕಿ. ವಾರದ್ದನ್ನು ಶನಿವಾರ ಒಟ್ಟಿಗೆ ಹಾಕುವ ಅಭ್ಯಾಸ ಬೇಡ. ಮೇಲ್ವಿಚಾರಕರು ಬುಧವಾರ ಬಂದು ನೋಡಿದರೆ ನಿಮ್ಮ ಸೋಮವಾರ, ಮಂಗಳವಾರ ಎರಡೂ ಖಾಲಿ ಕಾಣುತ್ತವೆ.

ಪ್ರ: ಪಾಠಯೋಜನೆ ಬರೆದುಕೊಟ್ಟಾಗಲೆಲ್ಲ ‘ಉದ್ದೇಶ ಸ್ಪಷ್ಟವಿಲ್ಲ, ತಿದ್ದಿ ತನ್ನಿ’ ಎಂದು ವಾಪಸು ಬರುತ್ತಿದೆ. ಏನು ತಪ್ಪು?
— ಪ್ರಶಿಕ್ಷಣಾರ್ಥಿ, ವಿಜಯಪುರ

ನೀವು ಕಳಿಸಿದ ಹಾಳೆಯಲ್ಲಿ ‘ವಿದ್ಯಾರ್ಥಿಗಳು ಆಮ್ಲ ಮತ್ತು ಪ್ರತ್ಯಾಮ್ಲಗಳ ಬಗ್ಗೆ ತಿಳಿಯುತ್ತಾರೆ’ ಎಂದಿದೆ. ತಿಳಿದರೋ ಇಲ್ಲವೋ ಎಂದು ತರಗತಿಯ ಹಿಂದೆ ಕೂತ ಮಾರ್ಗದರ್ಶಕರು ಕಂಡುಕೊಳ್ಳುವುದು ಹೇಗೆ? ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕ್ರಿಯಾಪದ ಹಾಕಿ. ‘ಕೊಟ್ಟ ಐದು ದ್ರಾವಣಗಳಲ್ಲಿ ಪ್ರತ್ಯಾಮ್ಲಗಳನ್ನು ಅರಿಶಿನ ಬಳಿದ ಕಾಗದದ ಪಟ್ಟಿಯಿಂದ ಗುರುತಿಸುತ್ತಾರೆ’, ‘ಪಟ್ಟಿಯ ಬಣ್ಣ ಬದಲಾದ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳುತ್ತಾರೆ’. ಒಂದು ಪೀರಿಯಡ್ಡಿಗೆ ಇಂಥ ಎರಡು ಸಾಕು, ಮೂರು ಹೆಚ್ಚಾಯಿತು. ನೀವು ಏಳು ಬರೆದಿದ್ದೀರಿ.

ಇದೇ ಪಾಠವನ್ನು 40 ನಿಮಿಷಕ್ಕೆ ಹೀಗೆ ಹೊಂದಿಸಬಹುದು. ಮೊದಲ 5 ನಿಮಿಷ ಆರತಿ ತಟ್ಟೆಯ ಓಕುಳಿ ನೀರಿನಿಂದ ಶುರು ಮಾಡಿ. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ಮಕ್ಕಳು ಮನೆಯಲ್ಲಿ ನೋಡಿರುತ್ತಾರೆ. ಮುಂದಿನ 15 ನಿಮಿಷ ಗುಂಪಿನಲ್ಲಿ ಪ್ರಯೋಗ: ಸೋಪಿನ ನೀರು, ಸುಣ್ಣದ ತಿಳಿನೀರು, ನಿಂಬೆರಸ, ಹುಣಸೆ ನೀರು, ಸಾದಾ ನೀರು. ಆಮೇಲೆ 10 ನಿಮಿಷ ಕಂಡದ್ದನ್ನು ಹಲಗೆಯ ಕೋಷ್ಟಕಕ್ಕೆ ಏರಿಸುವುದು, ಹೆಸರು ಕೊಡುವುದು. 6 ನಿಮಿಷ ಹೊಸ ಸನ್ನಿವೇಶ, ಉಳಿದ 4 ನಿಮಿಷ ಮೌಲ್ಯಮಾಪನ. 5ಇ ಮಾದರಿಯಲ್ಲಿ ಕೇಳುವ ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಐದೂ ಇದರಲ್ಲಿ ಬಂದವು.

ಪ್ರಯೋಗ ಕೈಕೊಡುವುದು ಎಲ್ಲಿ ಎಂದು ಮೊದಲೇ ತಿಳಿದಿರಲಿ. ಅರಿಶಿನ ಪಟ್ಟಿಯ ಮೇಲೆ ನಿಂಬೆರಸ ಹಾಕಿದರೆ ಏನೂ ಆಗುವುದಿಲ್ಲ, ಹಳದಿ ಹಳದಿಯಾಗಿಯೇ ಇರುತ್ತದೆ. ಸಾದಾ ನೀರಿಗೂ ಹಾಗೆಯೇ. ಮಕ್ಕಳು ‘ಪ್ರಯೋಗ ಕೆಟ್ಟಿತು’ ಎನ್ನುತ್ತಾರೆ, ಹೊಸ ಶಿಕ್ಷಕರು ಗಾಬರಿಯಾಗುತ್ತಾರೆ. ಸೋಪಿನಿಂದ ಕೆಂಪಾದ ಪಟ್ಟಿಯ ಮೇಲೇ ನಿಂಬೆರಸದ ಹನಿ ಹಾಕಿಸಿ, ಮತ್ತೆ ಹಳದಿಗೆ ತಿರುಗುತ್ತದೆ. ಆಗ ಆಮ್ಲಕ್ಕೂ ಸಾದಾ ನೀರಿಗೂ ಇರುವ ವ್ಯತ್ಯಾಸ ಕಾಣುತ್ತದೆ. ಪಟ್ಟಿಗಳನ್ನು ಹಿಂದಿನ ದಿನವೇ ಮಾಡಿ ಒಣಗಿಸಿಡಿ, ಹಸಿಯಿದ್ದರೆ ಬಣ್ಣ ಹರಡಿಕೊಳ್ಳುತ್ತದೆ. ಗುಂಪಿಗೆ ಆರು ಪಟ್ಟಿ ಬೇಕೆಂದರೆ ಹತ್ತು ಮಾಡಿ.

ಕೊನೆಯದಾಗಿ, ‘ಶಿಕ್ಷಕರ ಚಟುವಟಿಕೆ’ ಕಾಲಂ ತುಂಬಿ ತುಳುಕುತ್ತಿದ್ದು ‘ವಿದ್ಯಾರ್ಥಿಗಳ ಚಟುವಟಿಕೆ’ಯಲ್ಲಿ ಬರೀ ‘ಆಲಿಸುತ್ತಾರೆ, ಬರೆದುಕೊಳ್ಳುತ್ತಾರೆ’ ಎಂದಿದೆ. ಹಾಳೆ ವಾಪಸು ಬರಲು ಅದೊಂದೇ ಸಾಕು.

ಪ್ರ: ಸೂಕ್ಷ್ಮ ಬೋಧನೆಯಲ್ಲಿ ಆರೇ ನಿಮಿಷ ಕೊಡುತ್ತಾರೆ. ಪಾಠ ಮುಗಿಯುವುದೇ ಇಲ್ಲ.
— ಪ್ರಶಿಕ್ಷಣಾರ್ಥಿನಿ, ಉಡುಪಿ

ಸೂಕ್ಷ್ಮ ಬೋಧನೆ ಎಂದರೆ ಕಿರು ಪಾಠದಲ್ಲಿ ಒಂದೇ ಬೋಧನಾ ಕೌಶಲದ ಅಭ್ಯಾಸ. ಮುಗಿಸಬೇಕಾದ್ದು ಪಾಠವನ್ನಲ್ಲ, ಆ ಒಂದು ಕೌಶಲವನ್ನು. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಒಟ್ಟು 36 ನಿಮಿಷದ ಒಂದು ಸುತ್ತು ಇದು. ಅಂದು ಪ್ರಶ್ನಿಸುವ ಕೌಶಲವಾದರೆ ಪ್ರಶ್ನೆಗಳನ್ನೇ ನೋಡುತ್ತಾರೆ: ಹೌದು–ಇಲ್ಲ ಎಂದು ಮುಗಿಯುವ ಪ್ರಶ್ನೆ ಎಷ್ಟು, ಕೇಳಿದ ಮೇಲೆ ಯೋಚಿಸಲು ಬಿಟ್ಟಿರಾ, ಇಡೀ ತರಗತಿಗೆ ಕೇಳಿ ಆಮೇಲೆ ಹೆಸರು ಹೇಳಿದಿರಾ. 12 ನಿಮಿಷದ ಮರುಯೋಜನೆಯನ್ನು ಹರಟೆಯಲ್ಲಿ ಕಳೆಯುವವರೇ ಹೆಚ್ಚು, ಇಡೀ ಸುತ್ತಿನಲ್ಲಿ ಕಲಿಕೆ ಆಗುವುದು ಮಾತ್ರ ಅಲ್ಲಿಯೇ.

ಪ್ರ: ಎರಡು ಪೇಪರ್ ಬಾಕಿ ಇವೆ. ಎಷ್ಟು ವರ್ಷದೊಳಗೆ ಮುಗಿಸಬೇಕು?
— ಓದುಗ, ಕಲಬುರಗಿ

ನಾಲ್ಕು ವರ್ಷದ ಕೋರ್ಸಿಗೆ ಸೇರಿದ ದಿನದಿಂದ ಗರಿಷ್ಠ ಆರು ವರ್ಷ. ಎರಡು ವರ್ಷದ ಬಿ.ಎಡ್‌ಗೆ, ಡಿ.ಎಲ್.ಎಡ್‌ಗೆ ಮೂರು ವರ್ಷ. ಬಾಕಿ ಪೇಪರನ್ನು ಇಂಟರ್ನ್‌ಶಿಪ್ ಶುರುವಾಗುವ ಮುನ್ನವೇ ತೀರಿಸಿಕೊಳ್ಳಿ. ಬೆಳಿಗ್ಗೆ ಶಾಲೆ, ರಾತ್ರಿ ಪಾಠಯೋಜನೆ, ನಡುವೆ ಹಳೆಯ ಪೇಪರಿನ ಓದು ಎಂಬುದು ಹೆಚ್ಚಿನವರಿಗೆ ಆಗುವುದಿಲ್ಲ.

ಪ್ರ: ಕೋರ್ಸ್ ಮುಗಿದ ಮೇಲೆ ಟಿಇಟಿ ಬರೆಯಲೇಬೇಕೇ?
— ಓದುಗರು, ಚಿತ್ರದುರ್ಗ

1ರಿಂದ 8ನೇ ತರಗತಿಯವರೆಗಿನ ಶಿಕ್ಷಕರಾಗಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬರೆಯಲೇಬೇಕು. 1–5ಕ್ಕೆ ಪತ್ರಿಕೆ-1, 6–8ಕ್ಕೆ ಪತ್ರಿಕೆ-2. ಒಂದೊಂದರಲ್ಲೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗದವರಿಗೆ ಶೇ 60, ಅಂದರೆ 90 ಅಂಕ ಬೇಕು. ಪತ್ರಿಕೆ-2ರಲ್ಲಿ ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗೆ ಮೂವತ್ತು ಮೂವತ್ತು, ಉಳಿದ 60 ಗಣಿತ–ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಒಮ್ಮೆ ಪಾಸಾದರೆ ಪ್ರಮಾಣಪತ್ರಕ್ಕೆ ಜೀವಿತಾವಧಿ ಮಾನ್ಯತೆ ಇದೆ. ತರಬೇತಿಯ ಕೊನೆಯ ವರ್ಷದಲ್ಲಿರುವಾಗಲೇ ಬರೆಯುವುದು ಒಳ್ಳೆಯದು, ಶಿಶು ವಿಕಸನದ ಓದು ಆಗ ಇನ್ನೂ ಹಸಿಯಾಗಿರುತ್ತದೆ. ಆದರೆ ಟಿಇಟಿ ಪಾಸಾದದ್ದು ಹುದ್ದೆಯ ಆದೇಶವಲ್ಲ. ನೇಮಕಾತಿಗೆ ಬೇರೆ ಅಧಿಸೂಚನೆ, ಬೇರೆ ಪರೀಕ್ಷೆ ಇರುತ್ತದೆ. ಪದವಿ, ಬಿ.ಎಡ್, ಟಿಇಟಿ ಮೂರರ ಅಂಕಪಟ್ಟಿಗಳಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ.